ಮಖಾಂಡದಲ್ಲಿ ಐದು ದಿನ, ಹನ್ನೊಂದು ಸಿನಿಮಾ

ಮೊದಲ ದಿನ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ಹೊರಟ ವಿಮಾನ ಕೆಬೆರ್ಹಾದಲ್ಲಿ ಇಳಿದಾಗ ಹನ್ನೊಂದೂವರೆ ಗಂಟೆ. 2021ರವರೆಗೆ ಈ ಊರನ್ನು ಪೋರ್ಟ್ ಎಲಿಜಬೆತ್ ಅನ್ನುತ್ತಿದ್ದರು. ಹೊಸ ಹೆಸರನ್ನು ನಾನು ಇಲ್ಲಿ ಬರೆದ ಹಾಗೆ ಓದಿದರೆ ಸಾಲದು. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಡಬೇಕು, ಬಾಟಲಿಯ ಬಿರಡೆ ತೆಗೆದಂಥ ಸದ್ದು ಬರಬೇಕು. ನಮ್ಮ ಟ್ಯಾಕ್ಸಿ ಚಾಲಕರು ದಾರಿಯುದ್ದಕ್ಕೂ ಹೇಳಿಕೊಟ್ಟರು. ಹತ್ತನೇ ಸಲಕ್ಕೆ ಅವರು ಸ್ಟಿಯರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದರು. ಹಿಂದಿನ ಸೀಟಿನಲ್ಲಿದ್ದ ನನ್ನ ತಮ್ಮ, "ಅಕ್ಕಾ, ಇನ್ನು ಸಾಕು, ಅವರು ರೋಡ್ ನೋಡ್ಲಿ" ಅಂದ.

ತಮ್ಮ ಜೋಹಾನ್ಸ್‌ಬರ್ಗ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದಾನೆ. ನಾನು ಸಾಗರದ ಕಡೆಯವಳು. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಊರಿನಲ್ಲಿ ನಾಲ್ಕಾರು ಜನ ಸೇರಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. 2023ರ ಜೂನ್ ಕೊನೆಗೆ ರಜೆ ಹೊಂದಿಸಿಕೊಂಡು ಅವನ ಮನೆಗೆ ಬಂದಾಗ, ಪ್ರಾಣಿ ನೋಡೋಕೆ ಕರೆದುಕೊಂಡು ಹೋಗ್ತೀನಿ ಅಂದ. ನಾನು ಮಖಾಂಡಕ್ಕೆ ಹೋಗೋಣ ಅಂದೆ. ಅಲ್ಲಿ ಪ್ರತಿ ವರ್ಷ ಚಳಿಗಾಲದಲ್ಲಿ ರಾಷ್ಟ್ರೀಯ ಕಲಾ ಉತ್ಸವ ನಡೆಯುತ್ತದೆ. ನಾಟಕ, ಜಾಝ್, ನೃತ್ಯ, ಚಿತ್ರಕಲೆ ಎಲ್ಲ ಇರುತ್ತದೆ. ನನಗೆ ಬೇಕಾಗಿದ್ದು ಅದರ ಒಂದು ಮೂಲೆಯಲ್ಲಿ ನಡೆಯುವ ಸಣ್ಣ ಸಿನಿಮಾಗಳ ಪ್ರದರ್ಶನ. ಮಾಲ್‌ಗಳಿಗೆ ಬಾರದ ಸಿನಿಮಾಗಳು, ಮನೆಯವರಿಂದ ಸಾಲ ತಂದು ಮಾಡಿದ ಸಿನಿಮಾಗಳು.

ಕೆಬೆರ್ಹಾದಿಂದ ಮಖಾಂಡಕ್ಕೆ ಸುಮಾರು 130 ಕಿಲೋಮೀಟರ್. ರಸ್ತೆಯ ಎರಡೂ ಕಡೆ ಒಣ ಗುಡ್ಡ, ಗುಡ್ಡದ ಮೇಲೆ ಲೋಳೆಸರದ ಜಾತಿಯ ದೊಡ್ಡ ಗಿಡಗಳು. ಆಳೆತ್ತರದ ಗಿಡ, ತಲೆಯ ಮೇಲೆ ಕೆಂಪು ಹೂವಿನ ಕೋಲು. ಬೇರೆಲ್ಲ ಒಣಗಿ ನಿಂತಿರುವ ಚಳಿಗಾಲದಲ್ಲೇ ಅವು ಹೂಬಿಡುವುದು. ದಾರಿಯಲ್ಲಿ ನಾನಾಗಾ ಎಂಬ ಕಡೆ ಒಂದು ಅಂಗಡಿಯಲ್ಲಿ ಗಾಡಿ ನಿಲ್ಲಿಸಿ ಕೆಂಡದ ಮೇಲೆ ಸುಟ್ಟ ಬನ್ನು ತಿಂದೆವು. ಇಲ್ಲಿಯವರು ಅದನ್ನು ರೂಸ್ಟರ್‌ಕುಕ್ ಅನ್ನುತ್ತಾರೆ. ಬೆಣ್ಣೆ, ಜಾಮು ಹಚ್ಚಿ ಕೊಟ್ಟರು. ಚಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮಖಾಂಡ ಬಟ್ಟಲಿನಂಥ ಊರು. ಸುತ್ತ ಗುಡ್ಡ, ನಡುವೆ ಊರು. ನಲವತ್ತಕ್ಕೂ ಹೆಚ್ಚು ಚರ್ಚು ಇರುವುದರಿಂದ ಇದನ್ನು ಸಂತರ ಊರು ಅಂತಲೂ ಕರೆಯುತ್ತಾರೆ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕತ್ತೆಗಳು. ದೊಡ್ಡ ಚರ್ಚಿನ ಮುಂದಿನ ಹೈ ಸ್ಟ್ರೀಟಿನಲ್ಲಿ ಮೂರು ಕತ್ತೆಗಳು ಯಾರಿಗೂ ದಾರಿ ಬಿಡದೆ ನಿಂತಿದ್ದವು. ನಮ್ಮ ಕಡೆ ದನ ನಿಲ್ಲುವ ಹಾಗೆಯೇ. ನನಗೆ ತಕ್ಷಣ ಊರು ಹತ್ತಿರವಾಯಿತು.

ನಾವು ಉಳಿದುಕೊಂಡದ್ದು ನಿವೃತ್ತ ಶಿಕ್ಷಕಿಯೊಬ್ಬರ ಮನೆಯಲ್ಲಿ. ಉತ್ಸವದ ಹನ್ನೊಂದು ದಿನ ಊರಿನ ಎಷ್ಟೋ ಮನೆಗಳು ಹೀಗೆ ಕೋಣೆ ಬಾಡಿಗೆಗೆ ಕೊಡುತ್ತವೆ. ಅವರನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು, ಅಂದರೆ ಅಮ್ಮ. ನಾವೂ ಹಾಗೇ ಕರೆದೆವು. ಮೊದಲು ಅವರು ತೋರಿಸಿದ್ದು ಬಚ್ಚಲಲ್ಲಿ ಸಾಲಾಗಿ ಇಟ್ಟ ಬಕೆಟ್‌ಗಳನ್ನು. ಆಗ ನಲ್ಲಿಯಲ್ಲಿ ನೀರು ಒಂದು ದಿನ ಬರುತ್ತಿತ್ತು, ಒಂದು ದಿನ ಬರುತ್ತಿರಲಿಲ್ಲ. ಆಮೇಲೆ ಇಲ್ಲಿಯವರ ಕೋಸಾ ಭಾಷೆಯ ನಾಲ್ಕು ಮಾತು ಕಲಿಸಿದರು. ಒಬ್ಬರಿಗೆ ನಮಸ್ಕಾರ ಹೇಳುವಾಗ 'ಮೋಲೊ', ಹಲವರಿಗೆ 'ಮೊಲ್ವೇನಿ'. ಅಣ್ಣತಮ್ಮಂದಿರಿಗೆ 'ಬೂತಿ', ಅಕ್ಕತಂಗಿಯರಿಗೆ 'ಸಿಸಿ'. ದೊಡ್ಡ ಗಂಡಸರನ್ನು 'ತಾತಾ' ಅನ್ನಬೇಕು, ತಂದೆ ಅಂತ ಅರ್ಥ. ನಮ್ಮಲ್ಲಿ ಅದು ಅಜ್ಜನಿಗೆ ಹೇಳುವ ಮಾತು ಅಂದಾಗ ಮಾಮಾ ಬಹಳ ಹೊತ್ತು ನಕ್ಕರು.

ರಾತ್ರಿ ಎರಡು ರಗ್ಗು ಹೊದ್ದರೂ ಹಲ್ಲು ಕಟಕಟ ಅಂದವು.

ಎರಡನೇ ದಿನ

ಬೆಳಿಗ್ಗೆ ಗನ್‌ಫೈರ್ ಹಿಲ್ ಹತ್ತಿದೆವು. ಉತ್ಸವದ ಮುಖ್ಯ ಕಟ್ಟಡ ಅಲ್ಲಿದೆ. ಅದರ ಹೆಸರು 1820ರ ಸೆಟ್ಲರ್ಸ್ ಸ್ಮಾರಕ. ದೊಡ್ಡ ಇಟ್ಟಿಗೆ ಕಟ್ಟಡ. ಮೇಲೆ ನಿಂತರೆ ಇಡೀ ಊರು ಕಾಣುತ್ತದೆ. ಈ ಕಡೆ ವಿಶ್ವವಿದ್ಯಾಲಯ, ಚರ್ಚಿನ ಗೋಪುರ, ಮರಗಳ ನಡುವಿನ ಹಳೆಯ ಮನೆಗಳು. ಎದುರಿನ ಇಳಿಜಾರಿನಲ್ಲಿ ಜೋಜಾ ಬಡಾವಣೆಯ ಚಿಕ್ಕ ಚಿಕ್ಕ ಮನೆಗಳು, ಒಂದಕ್ಕೊಂದು ಅಂಟಿಕೊಂಡು.

ಈ ನೋಟದ ಹಿಂದಿನ ಕಥೆ ಗೊತ್ತಿಲ್ಲದೆ ಇಲ್ಲಿ ಸಿನಿಮಾ ನೋಡುವುದು ಸರಿಯಲ್ಲ ಅನ್ನಿಸುತ್ತದೆ ನನಗೆ. 1811-12ರಲ್ಲಿ ಬ್ರಿಟಿಷರು ಈ ಸೀಮೆಯ ಕೋಸಾ ಜನರನ್ನು ಫಿಶ್ ನದಿಯ ಆಚೆಗೆ ಓಡಿಸಿದರು. 1812ರಲ್ಲಿ ಕರ್ನಲ್ ಜಾನ್ ಗ್ರಹಾಂ ಇಲ್ಲಿ ಸೇನಾ ಠಾಣೆ ಹಾಕಿದ. ಅವನ ಹೆಸರಿನಲ್ಲಿ ಊರು ಗ್ರಹಾಮ್ಸ್‌ಟೌನ್ ಆಯಿತು. 1819ರ ಏಪ್ರಿಲ್ 22ರಂದು ಮಖಾಂಡ ಎಂಬ ಕೋಸಾ ನಾಯಕ ಸಾವಿರಾರು ಜನರನ್ನು ಕಟ್ಟಿಕೊಂಡು ಹಗಲಿನಲ್ಲೇ ಠಾಣೆಯ ಮೇಲೆ ಬಿದ್ದ. ಸೋತ. ರಾಬೆನ್ ದ್ವೀಪಕ್ಕೆ ಸೆರೆಯಾಗಿ ಹೋದ. ಮರುವರ್ಷ ದೋಣಿಯಲ್ಲಿ ತಪ್ಪಿಸಿಕೊಳ್ಳುವಾಗ ಸಮುದ್ರದಲ್ಲಿ ಮುಳುಗಿ ಸತ್ತ. ಅದೇ 1820ರಲ್ಲಿ ಬ್ರಿಟನ್ನಿನಿಂದ ಸುಮಾರು 4,000 ಜನರನ್ನು ತಂದು ಈ ಸೀಮೆಯಲ್ಲಿ ನೆಲೆಗೊಳಿಸಿದರು. ಬೆಟ್ಟದ ಮೇಲಿನ ಸ್ಮಾರಕ ಅವರದ್ದು. ಊರಿನ ಹೆಸರು 2018ರಲ್ಲಿ ಮಖಾಂಡ ಆಯಿತು. ಹಾಗಾಗಿ ಸೋತವನ ಹೆಸರಿನ ಊರಿನಲ್ಲಿ, ಗೆದ್ದವರ ಹೆಸರಿನ ಕಟ್ಟಡದಲ್ಲಿ ಈ ಉತ್ಸವ ನಡೆಯುತ್ತದೆ.

ಸ್ಮಾರಕದ ಬಾಗಿಲು ತೆರೆದದ್ದು 1974ರಲ್ಲಿ, ಉತ್ಸವ ಶುರುವಾದದ್ದೂ ಆಗಲೇ. 1994ರಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು. ಮತ್ತೆ ಕಟ್ಟಿದ ಮೇಲೆ 1996ರಲ್ಲಿ ನೆಲ್ಸನ್ ಮಂಡೇಲಾ ಬಂದು ಉದ್ಘಾಟಿಸಿದರು.

ಒಳಗೆ ದೊಡ್ಡ ರಂಗಮಂದಿರ ಇದೆ. ಅಲ್ಲಿ ಅವತ್ತು ನೃತ್ಯ ಇತ್ತು, ಸಾಲು ಹೊರಗಿನವರೆಗೆ ನಿಂತಿತ್ತು. ಇದೇ ಕಟ್ಟಡದಲ್ಲಿ ಲೇಖಕಿ ಆಲಿವ್ ಶ್ರೈನರ್ ಹೆಸರಿನ ಹಾಲ್ ಇದೆ. ಉತ್ಸವದ ಸಿನಿಮಾಗಳು ಎಷ್ಟೋ ವರ್ಷ ನಡೆದದ್ದು ಅಲ್ಲೇ. ನಾವು ನೋಡಬೇಕಿದ್ದ ಮೊದಲ ಸಿನಿಮಾ ಮಾತ್ರ ಕೆಳಗೆ ಊರಿನ ಒಂದು ಶಾಲೆಯ ಹಾಲಿನಲ್ಲಿತ್ತು. ಬೆಟ್ಟ ಇಳಿದು ಓಡಿದೆವು.

ಎಣಿಸಿದೆ. ಹದಿನಾಲ್ಕು ಜನ. ಅದರಲ್ಲಿ ನಾವಿಬ್ಬರು, ನಿರ್ದೇಶಕ, ಅವನ ಇಬ್ಬರು ಸ್ನೇಹಿತರು. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿದ್ದರು. ಒಂದು ಮೂಲೆಯಿಂದ ಬಿಸಿಲು ನುಗ್ಗುತ್ತಿತ್ತು. ಆ ಹುಡುಗನೇ ಎದ್ದು ತನ್ನ ಜಾಕೆಟ್ ಬಿಚ್ಚಿ ಆ ಸಂದಿಗೆ ತುರುಕಿದ. ಆಮೇಲೆ ಐವತ್ತು ನಿಮಿಷ ಆ ಚಳಿಯಲ್ಲಿ ಬರೀ ಅಂಗಿಯಲ್ಲಿ ಕೂತಿದ್ದ.

ಅದು ಅವನ ಅಮ್ಮನ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ. ಮುಕ್ಕಾಲು ಪಾಲು ಫೋನಿನಲ್ಲೇ ತೆಗೆದಿದ್ದ. ಅಮ್ಮ ಕೇಪ್‌ಟೌನ್‌ನಲ್ಲಿ ಮನೆಗೆಲಸ ಮಾಡುತ್ತಾರೆ. ವರ್ಷಕ್ಕೊಂದು ಸಲ, ಡಿಸೆಂಬರಿನಲ್ಲಿ, ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಾರೆ. ಸಿನಿಮಾ ಪೂರ್ತಿ ಆ ಒಂದು ಬಸ್ ಪ್ರಯಾಣ. ಕಿಟಕಿಗೆ ತಲೆಯೊರಗಿಸಿ ನಿದ್ದೆ ಮಾಡುವ ಅಮ್ಮ. ಮಡಿಲಲ್ಲಿ ಮೊಮ್ಮಗಳಿಗೆ ತಂದ ಶೂ ಡಬ್ಬ. ಮಾತು ಕಡಿಮೆ. ಇದ್ದ ಮಾತು ಕೋಸಾದಲ್ಲಿ, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್.

ಮುಗಿದ ಮೇಲೆ ಅವನು ಮುಂದೆ ಬಂದು ನಿಂತ. ಯಾರೂ ಕೇಳಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, "ಆ ಬಸ್ಸಿನ ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು, ನೀನೋ ಅಮ್ಮನೋ?" ಅಂತ ಕೇಳಿದರು. ಹುಡುಗ ತಲೆ ತಗ್ಗಿಸಿ, "ಅಮ್ಮ" ಅಂದ. "ನನ್ನ ಟಿಕೆಟ್ಟಿಗೂ ಅವರೇ ಕೊಟ್ಟರು. ಇಲ್ಲಿಗೆ ಬರಲೂ ಅವರೇ ಕೊಟ್ಟರು." ಹೆಂಗಸು ಎದ್ದು ಹೋಗಿ ಅವನ ಕೈ ಹಿಡಿದುಕೊಂಡರು. ತಾನೂ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವಳು ಅಂದರು. ಆಮೇಲೆ ಮಾತು ನಿಲ್ಲಲಿಲ್ಲ. ಮುಂದಿನ ಕಾರ್ಯಕ್ರಮದವರು ಬಂದು ಬಾಗಿಲು ಬಡಿಯುವವರೆಗೂ ಹದಿನಾಲ್ಕು ಜನರೂ ಅಲ್ಲೇ ಕೂತಿದ್ದೆವು.

ನನಗೆ ಹೆಗ್ಗೋಡು ನೆನಪಾಯಿತು. ನೀನಾಸಂನ ಚಿತ್ರಸಮಾಜ ಶುರುವಾದದ್ದು 1973ರಲ್ಲಿ, ಈ ಉತ್ಸವಕ್ಕಿಂತ ಒಂದು ವರ್ಷ ಮೊದಲು. ಅಪ್ಪ ನನ್ನನ್ನು ಬೆನ್ನ ಹಿಂದೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಯಾವುದೋ ದೇಶದ, ಯಾವುದೋ ಭಾಷೆಯ ಸಿನಿಮಾ. ಪಕ್ಕದಲ್ಲಿ ಅಡಿಕೆ ಸುಲಿಯುವವರು, ಮೇಷ್ಟ್ರು, ಅಂಗಡಿಯವರು. ಸಿನಿಮಾ ಅರ್ಧ ಅರ್ಥವಾಗುತ್ತಿತ್ತು. ವಾಪಸ್ ಬರುವಾಗ ಅಪ್ಪನೂ ಅವರ ಸ್ನೇಹಿತರೂ ಜಗಳ ಆಡುವ ಹಾಗೆ ಮಾತಾಡುತ್ತಿದ್ದರು. ಉಳಿದರ್ಧ ಆಗ ಅರ್ಥವಾಗುತ್ತಿತ್ತು.

ಸಂಜೆ ಇನ್ನೊಂದು ಸಿನಿಮಾ ನೋಡಿದೆವು. ಚೆನ್ನಾಗಿ ತೆಗೆದಿದ್ದರು, ಮನಸ್ಸಿಗೆ ಹತ್ತಲಿಲ್ಲ.

ಮೂರನೇ ದಿನ

ಮೋಡ, ತುಂತುರು ಮಳೆ. ಬಾಥರ್ಸ್ಟ್ ಬೀದಿಯ ಅಬ್ಸರ್ವೇಟರಿ ಮ್ಯೂಸಿಯಂಗೆ ಹೋದರೆ ಬಾಗಿಲಲ್ಲಿದ್ದವರು, "ಬಿಸಿಲಿಲ್ಲದೆ ಇಲ್ಲಿ ಏನೂ ಕಾಣೋಲ್ಲ, ನಾಳೆ ಬನ್ನಿ" ಅಂದರು.

ಮಾಮಾ ಮಧ್ಯಾಹ್ನಕ್ಕೆ ಉಂಗ್ಕುಶೊ ಮಾಡಿದ್ದರು. ಕುಟ್ಟಿದ ಮೆಕ್ಕೆಜೋಳ ಮತ್ತು ಕಾಳು ಸೇರಿಸಿ ಗಂಟೆಗಟ್ಟಲೆ ಬೇಯಿಸುವ ಅಡುಗೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಬೇರೆ ಪಾತ್ರೆಯಲ್ಲಿ ಮಾಡಿದ್ದರು. ನಮ್ಮ ನುಚ್ಚಿನ ಹಾಗೆ ಬಾಯಿಗೆ ಹತ್ತಿತು. ನಾನು ತಂದಿದ್ದ ಚಟ್ನಿಪುಡಿ ಕೊಟ್ಟೆ. ಅದನ್ನು ಮೇಲೆ ಉದುರಿಸಿಕೊಂಡು ಎರಡು ಸಲ ಹಾಕಿಸಿಕೊಂಡರು.

ರಾತ್ರಿ ಒಂದು ಸಿನಿಮಾ. ಏಳು ಜನ ಇದ್ದೆವು. ನಿರ್ದೇಶಕಿ ಬಂದಿರಲಿಲ್ಲ. ಸಿನಿಮಾ ಮುಗಿದ ತಕ್ಷಣ ಎಲ್ಲರೂ ಎದ್ದು ಹೋದರು. ಒಳ್ಳೆಯ ಸಿನಿಮಾ ಅದು, ಹಾಗೆ ಮುಗಿಯಬಾರದಿತ್ತು.

ನಾಲ್ಕನೇ ದಿನ

ಬಿಸಿಲು ಬಂತು! ಒಂಬತ್ತೂವರೆಗೇ ಮ್ಯೂಸಿಯಂ ಬಾಗಿಲಲ್ಲಿದ್ದೆವು.

ಇದು ಹೆನ್ರಿ ಕಾರ್ಟರ್ ಗಾಲ್ಪಿನ್ ಎಂಬ ಗಡಿಯಾರದ ಕುಶಲಿಯ ಮನೆ ಮತ್ತು ಅಂಗಡಿ. ಅವನಿಗೆ ಕಾಲ ಮತ್ತು ಬೆಳಕಿನ ಹುಚ್ಚು. ಒಂದು ಕೋಣೆಯ ನೆಲದಲ್ಲಿ ಮಧ್ಯಾಹ್ನದ ಬಿಸಿಲನ್ನು ಹಿಡಿಯಲು ಗೆರೆ ಎಳೆದಿದ್ದಾನೆ. ಅದರ ಲೆಕ್ಕದಲ್ಲಿ ಈ ಊರಿನ ನಿಜವಾದ ಸಮಯ ದೇಶದ ಗಡಿಯಾರಕ್ಕಿಂತ 14 ನಿಮಿಷ ಹಿಂದೆ. ನಾವು ಬಂದದ್ದು ಮಾಳಿಗೆಯ ಮೇಲಿನದನ್ನು ನೋಡಲು. 1882ರಲ್ಲಿ ಅವನು ಅಲ್ಲೊಂದು ಕ್ಯಾಮೆರಾ ಅಬ್ಸ್ಕ್ಯೂರಾ ಕಟ್ಟಿದ. ಸುಮ್ನೆ ಹೇಳಬೇಕೆಂದರೆ ಕತ್ತಲೆ ಕೋಣೆ. ದಕ್ಷಿಣ ಗೋಳಾರ್ಧದಲ್ಲಿ ಆ ಕಾಲದ್ದು ಇದೊಂದೇ ಉಳಿದಿರುವುದಂತೆ.

ಸುರುಳಿ ಮೆಟ್ಟಿಲು ಬಹಳ ಕಿರಿದು. ತಮ್ಮ ಹೊಟ್ಟೆ ಒಳಗೆಳೆದುಕೊಂಡು ಹತ್ತಿದ. ಮೇಲೆ ಚಿಕ್ಕ ಗೋಪುರ, ಎಂಟು ಜನ ನಿಂತರೆ ತುಂಬಿತು. ನಡುವೆ ಬಿಳಿ ಬಣ್ಣದ, ತಟ್ಟೆಯ ಹಾಗೆ ಸ್ವಲ್ಪ ತಗ್ಗಾದ ದುಂಡು ಮೇಜು. ತೋರಿಸುವ ತಾತಾ ಬಾಗಿಲು ಹಾಕಿದರು. ಗಾಢ ಕತ್ತಲು. ಆಮೇಲೆ ಮೇಲಿನ ಹಗ್ಗ ಎಳೆದರು. ಗೋಪುರದ ತುದಿಯಲ್ಲಿ ಕನ್ನಡಿ ಮತ್ತು ಮಸೂರ ಇದೆ. ಹೊರಗಿನ ಬೆಳಕು ಅದರ ಮೂಲಕ ಇಳಿದು ಮೇಜಿನ ಮೇಲೆ ಬಿತ್ತು.

ಮೇಜಿನ ಮೇಲೆ ಊರು ಬಂತು. ಬಣ್ಣದಲ್ಲಿ. ಓಡಾಡುತ್ತಾ! ಚರ್ಚಿನ ಗೋಪುರ, ಬೀದಿಯ ಕಾರುಗಳು, ಗಾಳಿಗೆ ಅಲುಗುವ ಮರ, ತಂತಿಯ ಮೇಲೆ ಒಣಗಲು ಹಾಕಿದ ಅಂಗಿ. ಕರೆಂಟಿಲ್ಲ, ಯಂತ್ರವಿಲ್ಲ, ಸದ್ದೂ ಇಲ್ಲ. ತಾತಾ ಹಗ್ಗ ಎಳೆದ ಹಾಗೆ ಊರು ತಿರುಗಿತು. ಅವರು ಒಂದು ಬಿಳಿ ಕಾಗದವನ್ನು ಮೇಜಿನಿಂದ ಸ್ವಲ್ಪ ಮೇಲೆ ಹಿಡಿದರು. ಬೀದಿಯಲ್ಲಿ ನಡೆಯುತ್ತಿದ್ದ ಒಬ್ಬ ಹೆಂಗಸು ಆ ಕಾಗದದ ಮೇಲೆ ಹತ್ತಿ, ನಡೆದು, ಇಳಿದು ಹೋದಳು. ನನ್ನ ಮುಂದಿದ್ದ ಹುಡುಗಿ ಕೈ ಚಾಚಿ ಆ ಹೆಂಗಸನ್ನು ಅಂಗೈಯಲ್ಲಿ ಹಿಡಿಯಲು ನೋಡಿದಳು.

1882 ಅಂದರೆ ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ಆಗಲೇ ಈ ಊರಿನ ಜನ ಕತ್ತಲಲ್ಲಿ ಒಟ್ಟಿಗೆ ನಿಂತು ತಮ್ಮದೇ ಬೀದಿಯನ್ನು ಬಿಳಿ ಹಲಗೆಯ ಮೇಲೆ ನೋಡುತ್ತಿದ್ದರು. ನಾನು ಇಳಿದು ಬಂದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ವಿದ್ಯಾರ್ಥಿಗಳ ಆರು ಕಿರುಚಿತ್ರಗಳು. ಒಂದೊಂದೂ ಆರೇಳು ನಿಮಿಷ. ಎರಡು ಬಹಳ ಹಿಡಿಸಿದವು. ಒಂದರಲ್ಲಿ ಒಬ್ಬಳು ಹುಡುಗಿ ಊರ ಹೊರಗಿನ ಒರತೆಯಿಂದ ಕ್ಯಾನ್‌ನಲ್ಲಿ ನೀರು ತರುತ್ತಾಳೆ. ಅಷ್ಟೇ ಕಥೆ. ಕ್ಯಾಮೆರಾ ಅವಳ ಮುಖ ತೋರಿಸುವುದೇ ಇಲ್ಲ, ಕ್ಯಾನ್ ಹಿಡಿದ ಕೈಯನ್ನೇ ತೋರಿಸುತ್ತದೆ. ಬೆರಳು ಬಿಳಿಚಿಕೊಳ್ಳುವುದು, ಕೈ ಬದಲಿಸುವುದು. ನಮ್ಮ ಬಚ್ಚಲಿನ ಬಕೆಟ್ಟುಗಳು ಕಣ್ಣ ಮುಂದೆ ಬಂದವು. ಇನ್ನೊಂದು ರಾತ್ರಿ ಊರಲ್ಲಿ ಅಲೆಯುವ ಒಂದು ಕತ್ತೆಯದ್ದು.

ಆಮೇಲೆ ಹೊರಗೆ ರೂಯಿಬೋಸ್ ಚಹಾ ಕುಡಿಯುತ್ತಾ ಮಾತು ಶುರುವಾಯಿತು. ಗುಂಪಿನಲ್ಲಿ ಸಿನಿಮಾ ಪಾಠ ಮಾಡುವ ಮೇಷ್ಟ್ರೊಬ್ಬರಿದ್ದರು. ನಾನು ಕೇಳಿದೆ, "ಇಷ್ಟು ಒಳ್ಳೆಯ ಸಿನಿಮಾಗಳು, ಜನ ಯಾಕೆ ಇಷ್ಟು ಕಡಿಮೆ?" ಅವರು ತಕ್ಷಣ ಉತ್ತರಿಸಲಿಲ್ಲ. ಚಹಾ ಮುಗಿಸಿ, ಹಳೆಯ ಕಥೆಗಳಿಂದ ಶುರು ಮಾಡಿದರು.

ವರ್ಣಭೇದದ ಕಾಲದಲ್ಲಿ ಬಿಳಿಯರ ಸಿನಿಮಾ ಮಂದಿರಕ್ಕೆ ಕರಿಯರು ಕಾಲಿಡುವ ಹಾಗಿರಲಿಲ್ಲ. 1980ರ ದಶಕದ ಮಧ್ಯದವರೆಗೂ ಇದೇ ಸ್ಥಿತಿ. 1970ರ ದಶಕದಲ್ಲಿ ಸರ್ಕಾರ ಕರಿಯರಿಗಾಗಿ ಅವರ ಭಾಷೆಗಳಲ್ಲಿ ಸಿನಿಮಾ ಮಾಡುವವರಿಗೆ ಸಹಾಯಧನ ಕೊಡುವ ಒಂದು ಯೋಜನೆ ತಂದಿತು. ಬಿ ಸ್ಕೀಮ್ ಅಂತ ಅದರ ಹೆಸರು. ಮಾಡುವವರು ಹೆಚ್ಚಾಗಿ ಬಿಳಿಯರು. ನೋಡುವವರು ಮಾತ್ರ ಕರಿಯರು. ತೋರಿಸುತ್ತಿದ್ದದ್ದು ಶಾಲೆಯ ಕೋಣೆಯಲ್ಲಿ, ಚರ್ಚಿನಲ್ಲಿ, ಬಿಯರ್ ಮಾರುವ ಹಾಲ್‌ನಲ್ಲಿ. ಆ ಸಿನಿಮಾಗಳಲ್ಲಿ ಆಳುವವರನ್ನು ಪ್ರಶ್ನಿಸುವ ಮಾತು ಬರುವ ಹಾಗಿರಲಿಲ್ಲ.

1973ರಲ್ಲಿ 'ಜೋ ಬುಲೆಟ್' ಅಂತ ಒಂದು ಸಿನಿಮಾ ಬಂತು. ಪಾತ್ರಧಾರಿಗಳೆಲ್ಲ ಕರಿಯರೇ. ನಾಯಕ ಬಂದೂಕು ಹಿಡಿದು ಕಳ್ಳರನ್ನು ಬೆನ್ನಟ್ಟುತ್ತಾನೆ. ಎರಡು ಪ್ರದರ್ಶನ ಆಗುವಷ್ಟರಲ್ಲಿ ಸರ್ಕಾರ ನಿಷೇಧಿಸಿತು. ಆಮೇಲೆ ನಲವತ್ತು ವರ್ಷ ಅದು ಡಬ್ಬದಲ್ಲಿತ್ತು. ಪ್ರತಿಯನ್ನು ಸರಿಪಡಿಸಿ 2014ರಲ್ಲಿ ಡರ್ಬನ್ ಚಿತ್ರೋತ್ಸವದಲ್ಲಿ ತೋರಿಸಿದರು. "ಅವನನ್ನು ನಾಯಕನಾಗಿ ನೋಡಬೇಕಾದ ವಯಸ್ಸಿನವರು ಅಷ್ಟು ಹೊತ್ತಿಗೆ ಅಜ್ಜಂದಿರಾಗಿದ್ದರು" ಅಂದರು ಮೇಷ್ಟ್ರು.

ಮತ್ತೊಂದು ಕಥೆ ಹೇಳುವಾಗ ಅವರು ಕೈಯೆತ್ತಿ ಪೂರ್ವದ ಗುಡ್ಡ ತೋರಿಸಿದರು. ಇಲ್ಲಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಡಿಂಬಾಜಾ ಅಂತ ಊರಿದೆ. ಬೇಡದವರು ಅನ್ನಿಸಿದ ಕರಿಯ ಕುಟುಂಬಗಳನ್ನು ಎತ್ತಂಗಡಿ ಮಾಡಿ ತಂದು ಸುರಿದ ಜಾಗ. ಅಲ್ಲಿ ಮಕ್ಕಳು ಹಸಿವಿನಿಂದ, ರೋಗದಿಂದ ಸಾಯುತ್ತಿದ್ದರು. ಅದನ್ನು ಗುಟ್ಟಾಗಿ ಚಿತ್ರೀಕರಿಸಿ, ರೀಲುಗಳನ್ನು ದೇಶದಿಂದ ಹೊರಗೆ ಸಾಗಿಸಿ 'ಲಾಸ್ಟ್ ಗ್ರೇವ್ ಅಟ್ ಡಿಂಬಾಜಾ' ಎಂಬ ಸಾಕ್ಷ್ಯಚಿತ್ರ ಮಾಡಿದರು. ಬಂದ ವರ್ಷ 1974. ಇಲ್ಲಿ ಬೆಟ್ಟದ ಮೇಲೆ ಸ್ಮಾರಕ ತೆರೆದ ಅದೇ ವರ್ಷ. ಹೊರಗಿನ ದೇಶಗಳ ಜನ ಅದನ್ನು ನೋಡಿದರು. ಡಿಂಬಾಜಾದ ಜನ ನೋಡುವ ಹಾಗಿರಲಿಲ್ಲ.

"ಅದೆಲ್ಲ ಹಳೆಯ ಮಾತು, ಈಗಿಲ್ಲ ಅಲ್ವಾ?" ಅಂದ ತಮ್ಮ.

ಕಿರುಚಿತ್ರ ಮಾಡಿದ ಹುಡುಗಿಯೊಬ್ಬಳು ಹಾಗಲ್ಲ ಅಂತ ತಲೆಯಾಡಿಸಿ ಹೇಳಿದಳು. 2013ರ ಜುಲೈ 18ರಂದು ಡರ್ಬನ್ ಉತ್ಸವದ ಉದ್ಘಾಟನೆಗೆ ಜಹ್ಮಿಲ್ ಕುಬೇಕಾ ನಿರ್ದೇಶಿಸಿದ 'ಆಫ್ ಗುಡ್ ರಿಪೋರ್ಟ್' ಇತ್ತು. ಹಾಲ್ ತುಂಬಿತ್ತು. ಪರದೆಯ ಮೇಲೆ ಬಂದದ್ದು ಈ ಸಿನಿಮಾ ತೋರಿಸುವ ಹಾಗಿಲ್ಲ ಎಂಬ ಸೂಚನೆ. ಮೇಲ್ಮನವಿಯಲ್ಲಿ ಕೆಲವೇ ದಿನಕ್ಕೆ ಆ ಆದೇಶ ಬಿದ್ದುಹೋಯಿತು. ಕುಬೇಕಾ ಈ ಈಸ್ಟರ್ನ್ ಕೇಪ್ ಪ್ರಾಂತ್ಯದವರೇ. ಆ ಹುಡುಗಿಗೆ ಅವರೆಂದರೆ ಪ್ರಾಣ. 2018ರಲ್ಲಿ 'ಇನ್‌ಕ್ಸೇಬಾ' ಬಿಡುಗಡೆಯಾದಾಗ ಜಗಳ ಇನ್ನೂ ದೊಡ್ಡದು. ಅದು ಕೋಸಾ ಹುಡುಗರು ಗಂಡಸರಾಗುವ ದೀಕ್ಷೆಯ ಹಿನ್ನೆಲೆಯಲ್ಲಿ ಇಬ್ಬರು ಗಂಡಸರ ಪ್ರೀತಿಯ ಕಥೆ. ಪ್ರತಿಭಟನೆ ಎದ್ದು ಈ ಪ್ರಾಂತ್ಯದ ಸಿನಿಮಾ ಮಂದಿರಗಳು ಅದನ್ನು ತೆಗೆದವು. ಆಮೇಲೆ ಅದಕ್ಕೆ ಮಾಮೂಲಿ ಮಂದಿರಗಳಲ್ಲಿ ತೋರಿಸಲಾಗದಂಥ ವರ್ಗದ ಮುದ್ರೆ ಬಿತ್ತು. ಜೂನ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ಆ ಮುದ್ರೆಯನ್ನು ರದ್ದು ಮಾಡಿತು.

ಈ ವಿಷಯದಲ್ಲಿ ಗುಂಪು ಎರಡಾಯಿತು. ದೀಕ್ಷೆಯ ಗುಟ್ಟನ್ನು ಹೊರಗಿನವರ ಮುಂದೆ ಇಡಬಾರದಿತ್ತು ಅಂತ ಒಬ್ಬ ಹುಡುಗ ಗಟ್ಟಿಯಾಗಿ ಹೇಳಿದ. ನಮ್ಮ ನೋವನ್ನು ನಾವೇ ಹೇಳದೆ ಇನ್ಯಾರು ಹೇಳಬೇಕು ಅಂದಳು ಹುಡುಗಿ. ಇಬ್ಬರೂ ಒಂದೇ ಕಿರುಚಿತ್ರದಲ್ಲಿ ಕೆಲಸ ಮಾಡಿದವರು. ನನಗೆ ಹುಡುಗಿಯ ಮಾತೇ ಸರಿ ಅನ್ನಿಸಿತು. ಆದರೆ ಆ ಹುಡುಗನ ದನಿ ನಡುಗುತ್ತಿದ್ದದ್ದನ್ನೂ ಕೇಳಿಸಿಕೊಂಡೆ. ಅವನಿಗೆ ಅದು ವಾದವಾಗಿರಲಿಲ್ಲ, ಅವನ ಅಜ್ಜ ಅಪ್ಪಂದಿರ ಮಾತಾಗಿತ್ತು.

ಕೊನೆಗೆ ಮೇಷ್ಟ್ರು ನನ್ನ ಕಡೆ ತಿರುಗಿದರು. "ಜನ ಯಾಕೆ ಕಡಿಮೆ ಅಂದಿರಲ್ಲ. ನಮ್ಮ ಅಪ್ಪ ಅಮ್ಮಂದಿರಿಗೆ ಸಿನಿಮಾಕ್ಕೆ ಹೋಗುವ ಅಭ್ಯಾಸ ಮಾಡಿಕೊಳ್ಳಲು ಬಿಡಲೇ ಇಲ್ಲ. ಈಗ ಮಂದಿರಗಳು ಮಾಲ್‌ಗಳಲ್ಲಿವೆ. ಜೋಜಾದಿಂದ ಟ್ಯಾಕ್ಸಿ ಹಿಡಿದು, ಟಿಕೆಟ್ ಕೊಂಡು, ರಾತ್ರಿ ವಾಪಸ್ ಹೋಗುವುದು ಹೇಗೆ? ನಾಳೆ ಸಂಜೆ ಜೋಜಾದಲ್ಲೇ ಒಂದು ಪ್ರದರ್ಶನ ಇದೆ. ಬನ್ನಿ, ಅಲ್ಲಿ ಎಣಿಸಿ."

ರಾತ್ರಿ ಒಂದು ಸಿನಿಮಾ ಇತ್ತು. ನೋಡಿದೆವು. ನನ್ನ ತಲೆಯಲ್ಲಿ ಮಧ್ಯಾಹ್ನದ ಮಾತೇ ಓಡುತ್ತಿತ್ತು.

ಐದನೇ ದಿನ

ಬೆಳಿಗ್ಗೆ ಎಗಾಜಿನಿಗೆ ಹೋದೆವು. 1819ರ ಕಾಳಗ ನಡೆದ ಜಾಗ. ಹೆಸರಿನ ಅರ್ಥವೇ ರಕ್ತದ ನೆಲ. ಚಿಕ್ಕ ಸ್ಮಾರಕ ಇದೆ. ಬೆಟ್ಟದ ಮೇಲಿನ ಕಟ್ಟಡ ಇಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿ ನಮ್ಮ ಬಿಟ್ಟು ಇನ್ಯಾರೂ ಇರಲಿಲ್ಲ. ಒಂದು ಕುರಿ ಮೇಯುತ್ತಿತ್ತು.

ಸಂಜೆ ಐದೂವರೆ ಹೊತ್ತಿಗೆ ಕತ್ತಲಾಗುತ್ತದೆ ಇಲ್ಲಿ. ಮಾಮಾ ತಮ್ಮ ಪರಿಚಯದ ವ್ಯಾನಿನವರಿಗೆ ಹೇಳಿ ನಮ್ಮನ್ನು ಜೋಜಾಕ್ಕೆ ಕಳಿಸಿದರು. ಅವರೂ ಜೊತೆಗೆ ಬಂದರು. ಸಮುದಾಯದ ಹಾಲ್ ಅದು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಕಟ್ಟಿದ ಬಿಳಿ ಪರದೆ, ಒಂದು ಮೇಜಿನ ಮೇಲೆ ಪ್ರೊಜೆಕ್ಟರ್. ಬಾಗಿಲಲ್ಲಿ ಒಬ್ಬಾಕೆ ಬಿಸಿ ಬಿಸಿ ಅಮಗ್ವಿನ್ಯಾ ಮಾರುತ್ತಿದ್ದಳು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ. ಮಂಗಳೂರು ಬನ್ಸ್‌ನ ಅಕ್ಕ ಅನ್ನಬಹುದು. ನಾಲ್ಕು ತೆಗೆದುಕೊಂಡೆವು.

"ಮೊಲ್ವೇನಿ" ಅಂತ ಒಳಗೆ ಹೋದೆ. ಒಳಗಿದ್ದವರೆಲ್ಲ ಒಟ್ಟಿಗೆ ಉತ್ತರ ಕೊಟ್ಟರು. ಎಣಿಸಲು ಶುರು ಮಾಡಿ ನೂರಾ ಇಪ್ಪತ್ತಕ್ಕೆ ಬಿಟ್ಟೆ. ಕುರ್ಚಿ ಸಾಲದೆ ಮಕ್ಕಳು ಕಂಬಳಿ ಹೊದ್ದು ಮುಂದೆ ನೆಲದಲ್ಲಿ ಕೂತಿದ್ದರು. ಮೇಷ್ಟ್ರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ಸುಮ್ನೆ ಕೈ ಎತ್ತಿದರು.

ಸಿನಿಮಾ ಇಪ್ಪತ್ತೈದು ನಿಮಿಷದ್ದು. ಅದೇ ಬಡಾವಣೆಯ ನಾಲ್ಕು ಹುಡುಗರು ಒಂದೇ ಕ್ಯಾಮೆರಾದಲ್ಲಿ ಎರಡು ಚಳಿಗಾಲ ಕೂತು ಮಾಡಿದ್ದು. ಅವರ ಬೀದಿಯ ಒಂದು ಹಾಡುವ ತಂಡದ ಕಥೆ. ಜನ ಬರಲಿ ಅಂತ ಮುಕ್ಕಾಲು ಗಂಟೆ ತಡ ಮಾಡಿದರು. ತಮ್ಮ ಫೋನು ನೋಡಿ ನನ್ನ ಕಿವಿಯಲ್ಲಿ, "ಏಳೂವರೆಗೆ ಲೋಡ್ ಶೆಡ್ಡಿಂಗ್ ಇದೆ ಅಕ್ಕಾ" ಅಂದ.

ಶುರುವಾಯಿತು. ಮೊದಲ ದೃಶ್ಯದಲ್ಲೇ ಮಕ್ಕಳು ಕೂಗಿದರು. ಅವರ ಬೀದಿ! ಅವರ ಅಂಗಡಿ! ಯಾರ ಮನೆಯ ಗೇಟು ಬಂದರೂ ಆ ಮನೆಯವರ ಹೆಸರು ಹೇಳಿ ಚಪ್ಪಾಳೆ. ಮಾತು ಕೇಳಿಸುತ್ತಲೇ ಇರಲಿಲ್ಲ. ಆಮೇಲೆ ಹಾಡು ಬಂದಾಗ ಎಲ್ಲರೂ ತಣ್ಣಗಾದರು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಅಜ್ಜಿಗೆ ಇಲ್ಲಿ ಮಖುಲು ಅನ್ನುತ್ತಾರೆ. ಅವರು ಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಸಿಕ್ಕಿ, ಒರೆಸಿ, ಹಾಕಿಕೊಂಡು ತಲೆ ಎತ್ತಿದರು. ಅಷ್ಟರಲ್ಲಿ ಕರೆಂಟು ಹೋಯಿತು.

ಮಕ್ಕಳು ಖುಷಿಯಿಂದ ಕಿರುಚಿದರು. ನಮ್ಮೂರಲ್ಲೂ ಹಾಗೇ ಅಲ್ವಾ, ದೊಡ್ಡವರು ಬೈಯುತ್ತಾರೆ, ಮಕ್ಕಳು ಕಿರುಚುತ್ತಾರೆ. ನಾಲ್ಕು ಹುಡುಗರು ಯಾರದೋ ಮನೆಯ ಜನರೇಟರ್ ತರಲು ಓಡಿದರು. ಕತ್ತಲಲ್ಲಿ ಕೂತೆವು. ಯಾರೂ ಎದ್ದು ಹೋಗಲಿಲ್ಲ. ಯಾವುದೋ ಮೂಲೆಯಿಂದ ಒಬ್ಬ ಹೆಂಗಸು ಮೆಲ್ಲಗೆ ಹಾಡು ಎತ್ತಿದಳು. ಸಿನಿಮಾದಲ್ಲಿ ಅರ್ಧಕ್ಕೆ ನಿಂತಿದ್ದ ಅದೇ ಹಾಡು. ಪಕ್ಕದವರು ಸೇರಿದರು. ಗಂಡಸರು ಕೆಳಗಿನ ಸ್ಥಾಯಿಯಲ್ಲಿ ಸೇರಿದರು. ಹಾಲು ಪೂರ್ತಿ ಹಾಡಿತು. ಹೇಳಿಕೊಡುವವರಿಲ್ಲ, ತಾಳ ಹಾಕುವವರಿಲ್ಲ, ನಾಲ್ಕು ದನಿಗಳು ಸರಿಯಾಗಿ ಒಂದರ ಮೇಲೊಂದು ಕೂತವು. ಮಾಮಾ ನನ್ನ ಕೈ ಹಿಡಿದುಕೊಂಡು ಹಾಡುತ್ತಿದ್ದರು. ನನಗೆ ಒಂದು ಶಬ್ದವೂ ಗೊತ್ತಿರಲಿಲ್ಲ. ಗುನುಗಿದೆ.

ಅರ್ಧ ಗಂಟೆಯಾದ ಮೇಲೆ ಹೊರಗೆ ಜನರೇಟರ್ ಗುಡುಗುಡು ಅಂದಿತು. ಪ್ರೊಜೆಕ್ಟರ್‌ನ ನೀಲಿ ಬೆಳಕು ಪರದೆ ಮೇಲೆ ಬಿತ್ತು. ಹುಡುಗರು ನಿಂತ ಜಾಗದಿಂದ ಮುಂದುವರಿಸಲು ಹೊರಟರು. ಮುಂದಿನ ಸಾಲಿನ ಮಖುಲು ಎದ್ದು ನಿಂತು ಏನೋ ಹೇಳಿದರು. ಹಾಲು ಸುಮ್ಮನಾಯಿತು. ಮಾಮಾ ನನಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ಹಾಡುವ ತಂಡದಲ್ಲಿ ಅವರ ತಮ್ಮ ಇದ್ದಾನಂತೆ. ಚಿತ್ರೀಕರಣ ಆದ ಮರುವರ್ಷ ತೀರಿಕೊಂಡನಂತೆ. ಅವನು ಬಂದಾಗ ಅಜ್ಜಿ ಕನ್ನಡಕ ಹುಡುಕುತ್ತಿದ್ದರು, ಸರಿಯಾಗಿ ನೋಡಲಿಲ್ಲ. ಮೊದಲಿನಿಂದ ಹಾಕಿ ಅಂತ ಕೇಳುತ್ತಿದ್ದಾರೆ.

ಪೆಟ್ರೋಲ್ ಅಷ್ಟು ಹೊತ್ತು ಬರುತ್ತದೋ ಇಲ್ಲವೋ ಅಂತ ಒಬ್ಬ ಹುಡುಗ ಅನುಮಾನ ಪಟ್ಟ. ಹಿಂದಿನಿಂದ ಯಾರೋ ತಮ್ಮ ಗಾಡಿಯಿಂದ ತೆಗೆದುಕೊಡುತ್ತೇನೆ ಅಂದರು.

ಮೊದಲಿನಿಂದ ಹಾಕಿದರು. ಮತ್ತೆ ಅದೇ ಬೀದಿ, ಅದೇ ಅಂಗಡಿ, ಅದೇ ಚಪ್ಪಾಳೆ. ಮಖುಲು ಈ ಸಲ ಎರಡೂ ಕೈಯಲ್ಲಿ ಕನ್ನಡಕ ಒತ್ತಿ ಹಿಡಿದುಕೊಂಡಿದ್ದರು. ತಂಡ ಬಂತು. ಎರಡನೇ ಸಾಲಿನಲ್ಲಿ, ಕಂದು ಕೋಟು ಹಾಕಿದ ತೆಳ್ಳಗಿನ ಒಬ್ಬ ಮುದುಕ, ಕಣ್ಣು ಮುಚ್ಚಿ ಹಾಡುತ್ತಿದ್ದ. ಅಜ್ಜಿ ಬಲಗೈ ಎತ್ತಿದರು.

"ಮೋಲೊ, ಬೂತಿ" ಅಂದರು.